ಅಮ್ಮನ ಅಳತೆ ಬ್ಲೌಸು

ನಮ್ಮಮ್ಮನ ಬ್ಲೌಸುಗಳೆಲ್ಲ ಬಲಭುಜದಿಂದ ಜಾರುತ್ತವೆ. ಎಲ್ಲವೂ. ಮನೆಯಲ್ಲಿ ಹಾಕುವ ಕಾಟನ್ನಿನದು, ಮದುವೆಗೆ ಹೊಲಿಸಿದ ರೇಷ್ಮೆಯದು, ಯಾರೋ ಮಡಿಲಕ್ಕಿ ಜೊತೆ ಕೊಟ್ಟ ಪೀಸಿನದು, ಒಂದೂ ಬಿಟ್ಟಿಲ್ಲ. ಮಾತಾಡುತ್ತಾ ಮಾತಾಡುತ್ತಾ ಎಡಗೈಯಿಂದ ಬಲಭುಜದ ಬಟ್ಟೆಯನ್ನು ಮೇಲಕ್ಕೆ ಎಳೆದುಕೊಳ್ಳುವುದು ಅವಳ ಅಭ್ಯಾಸ. ಚಿಕ್ಕವಳಿದ್ದಾಗ ಅದನ್ನು ಅಣಕಿಸಿ ಬೈಸಿಕೊಂಡಿದ್ದೇನೆ. ಅದು ಅಮ್ಮನ ಅಭ್ಯಾಸ ಅಲ್ಲ, ಬ್ಲೌಸಿನ ತಪ್ಪು ಅಂತ ಗೊತ್ತಾಗುವ ಹೊತ್ತಿಗೆ ನನಗೆ ಮೂವತ್ತೇಳು ವರ್ಷ ಆಗಿತ್ತು. ಅದೂ ಕಾಲೇಜಿಗೆ ಸೇರಿದ ಮೇಲೆ.

ಕಾಲೇಜು ಅಂದರೆ ಕಮ್ಯೂನಿಟಿ ಕಾಲೇಜು. ಇಲ್ಲೇ ಹಾಸನದಲ್ಲಿ. ವಿಶ್ವವಿದ್ಯಾಲಯಗಳಿಗೆ ಅನುದಾನ ಕೊಡುವ ಯುಜಿಸಿಯವರು 2013-14ರಲ್ಲಿ ಈ ಹೆಸರಿನ ಯೋಜನೆ ತಂದ ಮೇಲೆ ಇಂಥ ಕೋರ್ಸುಗಳು ಅಲ್ಲಲ್ಲಿ ಶುರುವಾದವು. ವಯಸ್ಸು ಕೇಳುವುದಿಲ್ಲ, ಕೈಕೆಲಸ ಕಲಿಸುತ್ತಾರೆ, ಕೊನೆಗೆ ಒಂದು ಸರ್ಟಿಫಿಕೇಟ್. ಹನ್ನೊಂದು ವರ್ಷ ಒಂದು ಹಾರ್ಡ್‌ವೇರ್ ಅಂಗಡಿಯಲ್ಲಿ ಲೆಕ್ಕ ಬರೆದಿದ್ದೆ. ಮಾಲೀಕರು ಅಂಗಡಿ ಮುಚ್ಚಿ ಮಗನ ಮನೆಗೆ ಬೆಂಗಳೂರಿಗೆ ಹೋದರು. ಬೇರೆ ಕೆಲಸ ಹುಡುಕುವುದಕ್ಕೆ ಮೊದಲು ಆರು ತಿಂಗಳು ನನಗಿಷ್ಟ ಬಂದದ್ದು ಮಾಡೋಣ ಅಂತ ಸೇರಿದೆ, ಅಷ್ಟೇ. ಬೋರ್ಡಿನಲ್ಲಿ ದೊಡ್ಡದಾಗಿ ‘ಫ್ಯಾಷನ್ ಡಿಸೈನ್ ಮತ್ತು ಗಾರ್ಮೆಂಟ್ ಕನ್‌ಸ್ಟ್ರಕ್ಷನ್’ ಅಂತ ಇತ್ತು. ನಮ್ಮ ಬೀದಿಯಲ್ಲಿ ಅದು ಒಂದೇ ದಿನದಲ್ಲಿ ‘ಟೈಲರಿಂಗ್ ಕ್ಲಾಸು’ ಆಯಿತು. ‘ಬಿ.ಕಾಂ. ಓದಿ ಟೈಲರಿಂಗಾ?’ ಅಂತ ದೊಡ್ಡಪ್ಪ ಫೋನ್ ಮಾಡಿ ಕೇಳಿದರು. ಹೌದು ದೊಡ್ಡಪ್ಪ, ಟೈಲರಿಂಗೇ.

ಮೊದಲನೇ ವಾರ ಬಟ್ಟೆ ಮುಟ್ಟಿಸಲೇ ಇಲ್ಲ. ಗೆರೆ ಹಾಕಿದ ನೋಟ್‌ಬುಕ್ ಹಾಳೆ ಕೊಟ್ಟರು. ಮೆಷೀನಿಗೆ ದಾರ ಇಲ್ಲ. ಬರೀ ಸೂಜಿಯಿಂದ ಗೆರೆಯ ಮೇಲೇ ತೂತು ಬೀಳುವ ಹಾಗೆ ಓಡಿಸಬೇಕು. ಮೊದಲು ನೇರ ಗೆರೆ, ಆಮೇಲೆ ಚೌಕ, ಆಮೇಲೆ ಬಸವನಹುಳದ ಚಿಪ್ಪಿನಂಥ ಸುರುಳಿ. ಕಾಲ್ತುಳಿತದ ಮೆಷೀನು, ಚಕ್ರ ಯಾವಾಗಲೂ ನಮ್ಮ ಕಡೆಗೇ ತಿರುಗಬೇಕು. ನಾನು ತುಳಿದರೆ ಅದು ಅತ್ತ ತಿರುಗುತ್ತಿತ್ತು. ನನ್ನ ಹಾಳೆ ನೋಡಿದರೆ ಇಲಿ ಕಡಿದ ಹಾಗಿತ್ತು.

ನನ್ನ ಪಕ್ಕದ ಮೆಷೀನಿನಲ್ಲಿ ಕೂರುತ್ತಿದ್ದ ಅಕ್ಕನ ಹಾಳೆ ಮಾತ್ರ ಸ್ಕೇಲು ಇಟ್ಟು ಗೀಚಿದಂತಿತ್ತು. ಅವರು ಗಾರ್ಮೆಂಟ್ಸ್ ಫ್ಯಾಕ್ಟರಿಯಲ್ಲಿ ಆರು ವರ್ಷ ಇದ್ದವರು. ಹಾಸನದಲ್ಲಿ ಬೆಳಗ್ಗೆ ಬೇಗ ಎದ್ದು ಬಿ.ಎಂ. ರಸ್ತೆಯಲ್ಲಿ ನಿಂತರೆ ಗೊತ್ತಾಗುತ್ತದೆ, ಬಸ್ಸು ತುಂಬಾ ಊಟದ ಬುತ್ತಿ ಹಿಡಿದ ಹೆಂಗಸರು. ಆ ಅಕ್ಕ ಆರು ವರ್ಷ ಮಾಡಿದ್ದು ಒಂದೇ ಕೆಲಸ, ಶರ್ಟಿಗೆ ಕಾಲರ್ ಕೂರಿಸುವುದು. ಹಿಂದಿನವರು ಭುಜ ಜೋಡಿಸಿ ಕಳಿಸುತ್ತಾರೆ, ಇವರು ಕಾಲರ್ ಹಾಕಿ ಮುಂದಕ್ಕೆ ತಳ್ಳುತ್ತಾರೆ, ಮುಂದಿನವರು ತೋಳು. ‘ಒಂದು ಪೂರ್ತಿ ಶರ್ಟು ನಾನು ಯಾವತ್ತೂ ಹೊಲಿದಿಲ್ಲ ಕಣೇ, ಕತ್ತರಿ ಹಿಡಿದೇ ಇಲ್ಲ’ ಅಂದರು. ಹೊಲಿಗೆಯಲ್ಲಿ ಅವರು ನಮ್ಮೆಲ್ಲರಿಗಿಂತ ಮುಂದೆ, ಕತ್ತರಿ ಹಿಡಿದಾಗ ಮಾತ್ರ ನನ್ನಷ್ಟೇ ನಡುಗುತ್ತಿದ್ದರು.

ಮೇಡಂ ಒಂದು ದಿನ ಹೊಲಿಗೆ ಮೆಷೀನಿನ ಕಥೆ ಹೇಳಿದರು. ಫ್ರಾನ್ಸಿನಲ್ಲಿ ಥಿಮೊನಿಯೇ ಅನ್ನುವವನು 1830ರಲ್ಲಿ ಮೆಷೀನಿಗೆ ಪೇಟೆಂಟ್ ತೆಗೆದುಕೊಂಡು ಸೈನಿಕರ ಬಟ್ಟೆ ಹೊಲಿಯಲು ಹೊರಟರೆ, ನಮ್ಮ ಅನ್ನ ಹೋಯಿತು ಅಂತ ಪ್ಯಾರಿಸ್ಸಿನ ದರ್ಜಿಗಳು ನುಗ್ಗಿ ಮೆಷೀನುಗಳನ್ನೆಲ್ಲ ಒಡೆದು ಹಾಕಿದರಂತೆ. ‘ಟಾರ್ಗೆಟ್ ಅಂದ್ರೆ ಏನು ಅಂತ ಅವರಿಗೆ ಆಗಲೇ ಗೊತ್ತಾಗಿರಬೇಕು’ ಅಂದರು ಅಕ್ಕ. ಇಡೀ ಕ್ಲಾಸು ನಕ್ಕಿತು.

ಎರಡನೇ ವಾರ ಬಟ್ಟೆ ಬಂತು, ಜೊತೆಗೆ ಹಾಸು ಹೊಕ್ಕು ಬಂತು. ಪೇಪರಿನಲ್ಲಿ ದಿನಾ ಓದುತ್ತೇವಲ್ಲ, ‘ಜನಜೀವನದಲ್ಲಿ ಹಾಸುಹೊಕ್ಕಾಗಿದೆ’ ಅಂತ. ಅದು ಮಗ್ಗದ ಮಾತು ಅಂತ ನಾನು ಯಾವತ್ತೂ ಯೋಚನೆ ಮಾಡಿರಲಿಲ್ಲ. ಉದ್ದಕ್ಕೆ ಬಿಗಿದು ಕಟ್ಟುವ ನೂಲು ಹಾಸು, ಅದರೊಳಗೆ ಅಡ್ಡಡ್ಡ ಹೊಕ್ಕು ಬರುವ ನೂಲು ಹೊಕ್ಕು. ಬಟ್ಟೆಯ ಅಂಚಿಗೆ ಸಮವಾಗಿ ಓಡುವುದು ಹಾಸು. ಅಂಗೈಯಷ್ಟು ಕಾಟನ್ ತುಂಡನ್ನು ಉದ್ದಕ್ಕೆ ಎಳೆದು ನೋಡಿ, ಕದಲುವುದಿಲ್ಲ. ಅಡ್ಡಕ್ಕೆ ಎಳೆದರೆ ಚೂರು ಕೊಡುತ್ತದೆ. ಮೂಲೆಯಿಂದ ಮೂಲೆಗೆ ಓರೆಯಾಗಿ ಎಳೆದರೆ ರಬ್ಬರಿನ ಹಾಗೆ ಬರುತ್ತದೆ. ಟೈಲರುಗಳು ‘ಕ್ರಾಸ್’ ಅನ್ನುವುದು ಇದನ್ನೇ. ಕ್ರಾಸ್ ಕಟ್ ಬ್ಲೌಸು ಮೈಗೆ ಅಂಟಿದಂತೆ ಕೂರುವುದೂ ಇದಕ್ಕೇ, ಕುತ್ತಿಗೆ ಸುತ್ತ ಹಾಕುವ ಪಟ್ಟಿಯನ್ನು ಓರೆಯಾಗಿಯೇ ಕತ್ತರಿಸುವುದೂ ಇದಕ್ಕೇ. ನೇರ ಪಟ್ಟಿ ತಿರುವಿನಲ್ಲಿ ಸೆಟೆದು ನಿಲ್ಲುತ್ತದೆ, ಓರೆ ಪಟ್ಟಿ ಬಗ್ಗುತ್ತದೆ. ಇದೊಂದು ಗೊತ್ತಾದ ಮೇಲೆ ನಮ್ಮ ಬೀರುವಿನಲ್ಲಿದ್ದ ಅರ್ಧ ಬಟ್ಟೆಗಳ ರೋಗ ಅರ್ಥವಾಯಿತು. ಒಗೆದ ಮೇಲೆ ಸೈಡಿನ ಹೊಲಿಗೆ ತಿರುಚಿಕೊಂಡು ಹೊಟ್ಟೆ ಮೇಲೆ ಬರುವ ಟಾಪ್ ಇರುತ್ತದಲ್ಲ, ಬಟ್ಟೆ ಉಳಿಸಲು ಹಾಸಿನ ನೂಲಿಗೆ ವಾರೆಯಾಗಿ ಪ್ಯಾಟರ್ನ್, ಅಂದರೆ ಅಳತೆಗೆ ಕತ್ತರಿಸಿದ ಕಾಗದದ ಅಚ್ಚು, ಇಟ್ಟು ಕತ್ತರಿಸಿದರೆ ಹಾಗಾಗುತ್ತದೆ.

ನೂಲು ಸುಟ್ಟು ನೋಡುವ ಕ್ಲಾಸು ಇನ್ನೊಂದು ಮಜಾ. ಕಾಟನ್ ಸುಟ್ಟರೆ ಕಾಗದದ ವಾಸನೆ, ಹಗುರ ಬೂದಿ. ರೇಷ್ಮೆ ಸುಟ್ಟರೆ ಕೂದಲು ಸುಟ್ಟ ವಾಸನೆ. ಪಾಲಿಯೆಸ್ಟರ್ ಕರಗಿ ಗಟ್ಟಿ ಮಣಿಯಾಗುತ್ತದೆ. ನಾನು ಮನೆಯಲ್ಲಿ ನಾದಿನಿಯ ‘ಪ್ಯೂರ್ ಸಿಲ್ಕ್’ ಸೀರೆಯ ಸೆರಗಿನಿಂದ ಒಂದು ನೂಲು ಎಳೆದು ಸುಟ್ಟೆ. ಮಣಿಯಾಯಿತು. ಅವಳಿಗೆ ಇವತ್ತಿಗೂ ಹೇಳಿಲ್ಲ.

ಆಮೇಲೆ ಸ್ಯಾಂಪಲ್ ಫೈಲು. ಸಾದಾ ಹೊಲಿಗೆ, ಜೀನ್ಸ್ ಹೊಲಿಗೆ, ನೆರಿಗೆ, ಟಕ್ಸು, ಕಾಜಾ, ಹುಕ್ಕು, ಜೇಬು, ಎಲ್ಲದರ ಚಿಕ್ಕ ಚಿಕ್ಕ ತುಂಡು ಹೊಲಿದು ಅಂಟಿಸಬೇಕು. ಬೇಜಾರಿನ ಕೆಲಸ. ಆದರೆ ಈಗಲೂ ಮರೆತಾಗ ಅದನ್ನೇ ತೆಗೆದು ನೋಡುತ್ತೇನೆ.

ಡಿಸೈನ್ ಭಾಗ ನನಗೆ ಹಿಡಿಸಲಿಲ್ಲ. ನಿಜವಾದ ಮನುಷ್ಯರು ತಮ್ಮ ತಲೆಯ ಏಳೂವರೆ ಪಟ್ಟಿನಷ್ಟು ಎತ್ತರ ಇರುತ್ತಾರಂತೆ, ಫ್ಯಾಷನ್ ಚಿತ್ರದಲ್ಲಿ ಮಾತ್ರ ಒಂಬತ್ತು ತಲೆಯ ಎತ್ತರಕ್ಕೆ ಬರೆಯಬೇಕು. ‘ಒಂಬತ್ತು ತಲೆ’ ಅಂದ ತಕ್ಷಣ ಹಿಂದಿನ ಬೆಂಚಿನ ಅರಸೀಕೆರೆ ಹುಡುಗಿ ‘ಇನ್ನೊಂದು ಹಾಕಿದ್ರೆ ರಾವಣ’ ಅಂದಳು. ಹಾಗೆ ಉದ್ದುದ್ದ ಕಾಲಿನ ಹುಡುಗಿಯರನ್ನು ಬರೆದು ಬಣ್ಣ ಹಚ್ಚಿದೆವು. ಚಿತ್ರ ಚೆನ್ನಾಗೇ ಇತ್ತು. ಅದೇ ಡ್ರೆಸ್ಸು ಹೊಲಿದು ಐದಡಿ ಒಂದಿಂಚಿನ ನಾನು ಹಾಕಿಕೊಂಡರೆ ದಿಂಬಿಗೆ ಕವರ್ ಹಾಕಿದ ಹಾಗೆ ಕಂಡಿತು. ಮೈ ನೋಡದೆ ಬರೆದ ಚಿತ್ರ ಬೇರೆ ಏನಾದೀತು?

ತಪ್ಪುಗಳ ಪಟ್ಟಿ ಹೇಳಿದರೆ ಮುಗಿಯುವುದಿಲ್ಲ, ಎರಡು ಹೇಳುತ್ತೇನೆ. ಅಣ್ಣನ ಮಗಳಿಗೆ ಅಂಬ್ರೆಲಾ ಸ್ಕರ್ಟು ಹೊಲಿಯಲು ಕೂತೆ. ಪೂರ್ತಿ ವೃತ್ತಾಕಾರದ ಸ್ಕರ್ಟು, ನಡುವೆ ಸೊಂಟಕ್ಕೆ ಒಂದು ತೂತು. ಆ ತೂತಿನ ತ್ರಿಜ್ಯ ಎಷ್ಟು? ಎಸ್ಸೆಸ್ಸೆಲ್ಸಿಯಲ್ಲಿ ಬಿಟ್ಟು ಬಂದಿದ್ದ 22/7 ಇಲ್ಲಿ ಬಂದು ಕೂತಿತ್ತು. ಮಗುವಿನ ಸೊಂಟ 22 ಇಂಚು. ಅದನ್ನು ಎರಡು ಪಟ್ಟು 22/7ರಿಂದ ಭಾಗಿಸಿದರೆ ಸರಿಯಾಗಿ ಮೂರೂವರೆ ಇಂಚು. ಲೆಕ್ಕ ಬರೆದ ಕೈ ಅಲ್ವಾ, ಇಷ್ಟು ಚೆಂದದ ಉತ್ತರ ಬಂದ ಖುಷಿಯಲ್ಲಿ ಬಟ್ಟೆ ನಾಲ್ಕು ಮಡಿಕೆ ಮಾಡಿ ಮೂರೂವರೆಗೇ ಕತ್ತರಿಸಿಬಿಟ್ಟೆ. ಹೊಲಿಗೆಗೆ ಅರ್ಧ ಇಂಚು ಹೋಗುತ್ತದೆ ಅನ್ನುವುದು ಮರೆತೆ. ಹೊಲಿಗೆ ಬಿದ್ದದ್ದು ನಾಲ್ಕಿಂಚಿನ ಗೆರೆಯಲ್ಲಿ, ಸುತ್ತಳತೆ 25 ದಾಟಿತು. ಮೂರಕ್ಕೆ ಕತ್ತರಿಸಿದ್ದರೆ ಸರಿಯಾಗುತ್ತಿತ್ತು. ಬರೀ ಅರ್ಧ ಇಂಚಿನ ತಪ್ಪು, ಸ್ಕರ್ಟು ಮಗುವಿನ ಸೊಂಟದಿಂದ ನೇರ ಪಾದಕ್ಕೆ ಬಿತ್ತು. ಕೊನೆಗೆ ಎಲಾಸ್ಟಿಕ್ ಹಾಕಿದೆ. ಎಲಾಸ್ಟಿಕ್ ಕಂಡುಹಿಡಿದವರು ಯಾರೋ, ಪುಣ್ಯಾತ್ಮರು.

ಎರಡನೆಯದು ನನ್ನದೇ ಬ್ಲೌಸು. ಬಟ್ಟೆ ಕಮ್ಮಿ ಇತ್ತು, 80 ಸೆಂಟಿಮೀಟರ್ ಪೀಸು. ಮಡಿಸಲು ಜಾಗ ಇಲ್ಲದೆ ತೋಳುಗಳನ್ನು ಒಂದೊಂದಾಗಿ ಕತ್ತರಿಸಿದೆ. ತೋಳಿನ ಮುಂಭಾಗದ ತಿರುವು ಹಿಂಭಾಗಕ್ಕಿಂತ ಆಳ ಇರುತ್ತದೆ, ಕೈ ಮುಂದಕ್ಕೆ ಚಾಚುತ್ತೇವಲ್ಲ, ಅದಕ್ಕೆ. ಹಾಗಾಗಿ ಎಡದ ತೋಳು ಬೇರೆ, ಬಲದ್ದು ಬೇರೆ. ಎರಡನೆಯದಕ್ಕೆ ಪ್ಯಾಟರ್ನ್ ತಿರುಗಿಸಿ ಇಡಬೇಕಿತ್ತು. ಇಡಲಿಲ್ಲ. ಎರಡೂ ಎಡಗೈ. ಉಳಿದ ಬಟ್ಟೆಯಲ್ಲಿ ಕರವಸ್ತ್ರ ಆಗುತ್ತಿತ್ತು, ತೋಳಾಗುತ್ತಿರಲಿಲ್ಲ. ನಮ್ಮ ಮನೆಯಲ್ಲಿ ತೋಳಿಲ್ಲದ ಬ್ಲೌಸು ಹಾಕಿದ ಮೊದಲನೆಯವಳು ನಾನು. ಫ್ಯಾಷನ್ ಡಿಸೈನ್ ಓದುತ್ತಿದ್ದಾಳಲ್ಲ, ಅದಕ್ಕೇ ಅಂದುಕೊಂಡರು. ನಾನೂ ಸುಮ್ನೆ ಇದ್ದೆ.

ಒಂದು ಶನಿವಾರ ಬೇಲೂರಿಗೆ ಕರೆದುಕೊಂಡು ಹೋದರು. ಇಲ್ಲಿಂದ ಬಸ್ಸಿನಲ್ಲಿ ಒಂದು ಗಂಟೆಯ ದಾರಿ. ಚಿಕ್ಕಂದಿನಿಂದ ನೆಂಟರು ಬಂದಾಗಲೆಲ್ಲ ಹೋಗಿ ಬಂದ ಗುಡಿಯೇ. 1117ರಲ್ಲಿ ವಿಷ್ಣುವರ್ಧನ, ದರ್ಪಣ ಸುಂದರಿ, ಎಲ್ಲ ಬಾಯಿಪಾಠ. ಈ ಸಲ ಮಾತ್ರ ಬಟ್ಟೆ ನೋಡಿ ಅಂದರು ಮೇಡಂ. ಮದನಿಕೆಯರ ಮೈಮೇಲೆ ಒಡವೆ ಜಾಸ್ತಿ, ಬಟ್ಟೆ ತೆಳು. ಕಪಿಕುಪಿತೆ ಅಂತ ಒಬ್ಬಳಿದ್ದಾಳೆ, ಕೋತಿ ಅವಳ ಬಟ್ಟೆ ಎಳೆಯುತ್ತಿದೆ, ಅವಳು ಗದರಿಸುತ್ತಿದ್ದಾಳೆ. ಬಳಪದ ಕಲ್ಲಿನಲ್ಲಿ ಎಳೆದ ಬಟ್ಟೆಯ ಸೆಳೆತ ತೋರಿಸಿದ್ದಾನೆ ಶಿಲ್ಪಿ. ‘ಎಳೆಯೋದಕ್ಕೆ ಸಿಕ್ಕಿತು ಯಾಕೆ ಹೇಳಿ? ಹೊಲಿದಿಲ್ಲ, ಸುತ್ತಿದ್ದು’ ಅಂದರು ಮೇಡಂ. ಬರುವಾಗ ಬಸ್ಸಿನಲ್ಲಿ ನನಗೆ ಅದೇ ಯೋಚನೆ. ಸೀರೆ ಐದೂವರೆ ಮೀಟರ್, ಅಮ್ಮನದು ನಾನು ಉಡಬಹುದು, ನನ್ನದು ಅತ್ತಿಗೆ ಉಡಬಹುದು, ಹದಿನೆಂಟಕ್ಕೂ ಎಪ್ಪತ್ತಕ್ಕೂ ಅದೇ ಸೀರೆ. ಯಾರೂ ಸೀರೆಗೆ ಅಳತೆ ಕೊಟ್ಟಿದ್ದಿಲ್ಲ. ಜಗಳ ಎಲ್ಲ ಆ ಮುಕ್ಕಾಲು ಮೀಟರ್ ಬ್ಲೌಸಿನದೇ.

ಈಗ ಅಳತೆ ಬ್ಲೌಸಿನ ವಿಷಯಕ್ಕೆ ಬರುತ್ತೇನೆ.

ನಮ್ಮೂರಲ್ಲಿ ಬ್ಲೌಸು ಹೊಲಿಯಲು ಕೊಡುವುದು ಹೇಗೆ ಅಂತ ನಿಮಗೆ ಗೊತ್ತೇ ಇದೆ. ಒಂದು ಪ್ಲಾಸ್ಟಿಕ್ ಕವರು. ಅದರೊಳಗೆ ಹೊಸ ಪೀಸು, ಲೈನಿಂಗ್ ಬಟ್ಟೆ, ಚೆನ್ನಾಗಿ ಕೂತಿದೆ ಅನ್ನಿಸಿದ ಒಂದು ಹಳೇ ಬ್ಲೌಸು. ಕೌಂಟರಿನ ಮೇಲೆ ಇಟ್ಟು ‘ಇದೇ ಅಳತೆ, ತೋಳು ಒಂದಿಂಚು ಉದ್ದ, ಹಿಂದೆ ಸ್ವಲ್ಪ ಡೀಪು’ ಅಂದರೆ ಆಯಿತು. ಯಾರೂ ಟೇಪು ಹಿಡಿಯುವುದಿಲ್ಲ. ಹಿಡಿದರೆ ನಮಗೇ ಮುಜುಗರ. ಗಂಡಸು ಟೈಲರ್ ಮುಂದೆ ಕೈ ಎತ್ತಿ ನಿಂತು ಎದೆಯ ಸುತ್ತಳತೆ ಕೊಡಲು ಅಮ್ಮನ ಕಾಲದವರಿಗೆ ಹೇಗಾಗಬೇಡ? ಟೈಲರಿಗೂ ಅದೇ ಅನುಕೂಲ. ಆಶ್ವಯುಜ ಹುಣ್ಣಿಮೆ ಕಳೆದ ಮೊದಲ ಗುರುವಾರ ಹಾಸನಾಂಬೆ ಗುಡಿ ಬಾಗಿಲು ತೆಗೆಯುತ್ತಾರೆ, ಅದರ ಬೆನ್ನಿಗೇ ದೀಪಾವಳಿ. ಆ ದಿನಗಳಲ್ಲಿ ಯಾವ ಟೈಲರ್ ಅಂಗಡಿಗೆ ಹೋದರೂ ಕವರುಗಳ ಗುಡ್ಡ. ನಿಂತು ಒಬ್ಬೊಬ್ಬರ ಭುಜ, ಬೆನ್ನು, ಕಂಕುಳು ಅಳೆಯಿರಿ ಅಂದರೆ ಅವರು ಊರು ಬಿಟ್ಟು ಹೋಗಬೇಕಷ್ಟೆ. ಹಾಗಾಗಿ ಅಳತೆ ಬ್ಲೌಸನ್ನು ನಾನು ಬೈಯುವುದಿಲ್ಲ. ಅದು ಮಾನ ಮತ್ತು ಟೈಮು ಎರಡನ್ನೂ ಉಳಿಸುವ ಉಪಾಯ.

ತೊಂದರೆ ಏನೆಂದರೆ, ಅಳತೆ ಬ್ಲೌಸಿನಲ್ಲಿ ಇರುವುದು ನಮ್ಮ ಮೈಯ ಅಳತೆ ಅಲ್ಲ, ಹಿಂದಿನ ಬ್ಲೌಸಿನ ಅಳತೆ. ಆ ಹಿಂದಿನದ್ದು ಅದರ ಹಿಂದಿನದ್ದನ್ನು ನೋಡಿ ಹೊಲಿದದ್ದು. ಹಾಕಿ ಹಾಕಿ ಹಿಗ್ಗಿದ್ದೂ ಅದರಲ್ಲಿ ಸೇರಿರುತ್ತದೆ, ಒಗೆದು ಕುಗ್ಗಿದ್ದೂ ಸೇರಿರುತ್ತದೆ. ಅಮ್ಮನ ವಿಷಯದಲ್ಲಿ ಇದು ಎಲ್ಲಿಯವರೆಗೆ ಹೋಗುತ್ತದೆ ಅಂತ ಲೆಕ್ಕ ಹಾಕಿದೆ. ನನ್ನ ನಾಮಕರಣಕ್ಕೆ ಹೊಲಿಸಿದ ಬ್ಲೌಸಿನವರೆಗೆ ಹೋಗುತ್ತದೆ.

ಕೊನೆಯ ಪ್ರಾಜೆಕ್ಟಿಗೆ ಮನೆಯವರೊಬ್ಬರ ಮೈಯಳತೆ ತೆಗೆದು ಪ್ಯಾಟರ್ನ್ ಮಾಡಿ ಹೊಲಿಯಬೇಕಿತ್ತು. ಅಮ್ಮನನ್ನು ಕೇಳಿದರೆ ‘ಅಳತೆ ಬ್ಲೌಸು ಬೀರುವಿನಲ್ಲಿದೆ ತಗೋ’ ಅಂದಳು. ಬೇಡಮ್ಮ, ಮೈ ಅಳೀಬೇಕು ಅಂದೆ. ‘ನನ್ನ ಮೈ ಏನು ಅಳೆಯೋದು, ಅಡುಗೆ ಮನೇಲಿ ಕೆಲಸ ಇದೆ.’ ಮೂರು ದಿನ ತಪ್ಪಿಸಿಕೊಂಡಳು. ನಾಲ್ಕನೇ ದಿನ ಟಿವಿ ಮುಂದೆ ಹಿಡಿದೆ. ಸೊಂಟಕ್ಕೆ ಒಂದು ದಾರ ಕಟ್ಟಿ ನಿಲ್ಲಿಸಿದೆ. ಕುತ್ತಿಗೆಯ ಬುಡದಿಂದ ಭುಜದ ತುದಿಗೆ, ಭುಜದ ತುದಿಯಿಂದ ಕೆಳಗೆ ಆ ದಾರಕ್ಕೆ, ಎಡಕ್ಕೆ ಒಂದು ಸಲ, ಬಲಕ್ಕೆ ಒಂದು ಸಲ. ‘ಎರಡು ಕಡೆ ಯಾಕೆ, ನನಗೆ ಎರಡು ಭುಜಾನೂ ನಾನೇ ಅಲ್ವಾ’ ಅಂದಳು. ಮೇಡಂ ಹೇಳಿದ್ದರು, ಎರಡೂ ಭುಜ ಒಂದೇ ಸಮ ಇರುವವರು ಕಡಿಮೆ ಅಂತ. ಅಮ್ಮನ ಬಲಭುಜ ಎಡಕ್ಕಿಂತ ಅರ್ಧ ಇಂಚು ಕೆಳಗಿತ್ತು.

ಟೇಪು ತಪ್ಪಿರಬೇಕು ಅಂತ ಇನ್ನೊಮ್ಮೆ ಅಳೆದೆ. ಅಷ್ಟೇ ಬಂತು. ಹಿಂದೆ ಹೋಗಿ ನಿಂತು ನೋಡಿದೆ. ಹೌದು. ಇಷ್ಟು ವರ್ಷ ಜೊತೆಯಲ್ಲೇ ಇದ್ದೇನೆ, ಬೆನ್ನಿಗೆ ಎಣ್ಣೆ ಹಚ್ಚಿದ್ದೇನೆ, ಒಮ್ಮೆಯೂ ಕಂಡಿರಲಿಲ್ಲ. ‘ನೀರು ಹೊತ್ತಿದ್ದು ಅದೇ ಕಡೆ’ ಅಂದಳು ಅಮ್ಮ, ಟಿವಿಯಿಂದ ಕಣ್ಣು ತೆಗೆಯದೆ. ಊರ ಬಾವಿಯಿಂದ ಮನೆಗೆ ದಿನಕ್ಕೆ ಎಷ್ಟು ಬಿಂದಿಗೆ ಅಂತ ಅವಳು ಲೆಕ್ಕ ಇಟ್ಟಿಲ್ಲ. ಅದಕ್ಕೇ ಹೀಗಾಯಿತೋ, ಹುಟ್ಟಿನಿಂದಲೇ ಹಾಗೋ, ಟೇಪು ಅದನ್ನೆಲ್ಲ ಹೇಳುವುದಿಲ್ಲ.

ಸರಿ, ಪ್ಯಾಟರ್ನ್. ಎದೆಯ ಸುತ್ತಳತೆ 38, ಅದರ ನಾಲ್ಕನೇ ಒಂದು ಭಾಗ ಒಂಬತ್ತೂವರೆ, ಅದಕ್ಕೆ ಉಸಿರಾಡಲು ಬಿಡುವ ಸಡಿಲ, ಆಮೇಲೆ ಹೊಲಿಗೆಯ ಅಂಚು. ಇಲ್ಲಿಯವರೆಗೆ ಎಲ್ಲರ ಹಾಗೆಯೇ. ಮಾಮೂಲಾಗಿ ಬಟ್ಟೆಯನ್ನು ಎರಡು ಮಡಿಕೆ ಮಾಡಿ, ಮಡಿಕೆಗೆ ಬೆನ್ನಿನ ನಡುಗೆರೆ ಸೇರಿಸಿ, ಅರ್ಧ ಪ್ಯಾಟರ್ನ್ ಇಟ್ಟು ಕತ್ತರಿಸುತ್ತಾರೆ. ಬಿಚ್ಚಿದರೆ ಎರಡೂ ಕಡೆ ಒಂದೇ ಸಮ. ಅಮ್ಮನ ಬ್ಲೌಸಿಗೆ ಹಾಗೆ ಮಾಡುವ ಹಾಗಿಲ್ಲ. ಬೆನ್ನಿನ ಪೂರ್ತಿ ಪ್ಯಾಟರ್ನನ್ನು ಕಾಗದದಲ್ಲಿ ಬರೆದೆ, ಬಲಕ್ಕೆ ಭುಜದ ತುದಿಯನ್ನು ಅರ್ಧ ಇಂಚು ಇಳಿಸಿದೆ, ಕಂಕುಳಿನ ಸುತ್ತು ಚಿಕ್ಕದಾಗದಿರಲಿ ಅಂತ ಅದರ ಬುಡವನ್ನೂ ಅಷ್ಟೇ ಇಳಿಸಿದೆ. ಮುಂಭಾಗಕ್ಕೂ ಹಾಗೆಯೇ, ಎಡಕ್ಕೊಂದು ಬಲಕ್ಕೊಂದು ಬೇರೆ ಬೇರೆ ಕಾಗದ. ಮೊದಲು ಕೋರಾ ಬಟ್ಟೆಯಲ್ಲಿ ಹೊಲಿದು ಹಾಕಿಸಿ ನೋಡಿದೆ. ಕುತ್ತಿಗೆಯಿಂದ ಕಂಕುಳಿಗೆ ಓರೆಯಾಗಿ ಬೀಳುತ್ತಿದ್ದ ಸುಕ್ಕು ಹೋಗಿತ್ತು. ಎದೆಯ ಹತ್ತಿರ ಬಟ್ಟೆ ಮಡಿಸಿ ಹೊಲಿಯುವ ಟಕ್ಸು ಮಾತ್ರ ಮೇಲಾಗಿತ್ತು, ಮುಕ್ಕಾಲು ಇಂಚು ಇಳಿಸಿದೆ. ವಯಸ್ಸಾದಂತೆ ಮೈ ಇಳಿಯುತ್ತದೆ, ಅಳತೆ ಬ್ಲೌಸು ಇಳಿಯುವುದಿಲ್ಲ.

ಆಮೇಲೆ ನೀಲಿ ಕಾಟನ್ನು. ಹೊಲಿಯುವ ಮೊದಲು ನೀರಿನಲ್ಲಿ ನೆನೆಸಿ ಒಣಗಿಸಿ ಇಸ್ತ್ರಿ ಮಾಡಿದೆ, ಕುಗ್ಗುವುದೆಲ್ಲ ಮೊದಲೇ ಕುಗ್ಗಲಿ ಅಂತ. ಒಂದೇ ಪದರ ಹರಡಿ ಕತ್ತರಿಸಿದೆ. ತೋಳು ಕತ್ತರಿಸುವಾಗ ಪಕ್ಕದ ಮೆಷೀನಿನ ಅಕ್ಕ ಬಂದು ನಿಂತು ‘ಎಡ, ಬಲ’ ಅಂತ ಗಟ್ಟಿಯಾಗಿ ಹೇಳಿದರು. ಕ್ಲಾಸಿಗೇ ಗೊತ್ತಾಗಿತ್ತಲ್ಲ ನನ್ನ ಕಥೆ. ಎಲ್ಲ ಸೇರಿ ಹದಿನಾರು ದಿನ ಹಿಡಿಯಿತು. ಅಕ್ಕ ಫ್ಯಾಕ್ಟರಿ ಲೆಕ್ಕದಲ್ಲಿ ಏನೋ ಗುಣಿಸಿ ನೋಡಿ ತಲೆ ಅಲ್ಲಾಡಿಸಿದರು.

ಅಮ್ಮ ಹಾಕಿಕೊಂಡು ಕನ್ನಡಿ ಮುಂದೆ ಜಾಸ್ತಿ ಹೊತ್ತು ನಿಲ್ಲಲಿಲ್ಲ. ‘ಚೆನ್ನಾಗಿದೆ’ ಅಂದಳು, ಒಳಗೆ ಹೋದಳು. ಸಂಜೆ ಪಕ್ಕದ ಮನೆಯವರ ಜೊತೆ ಗೇಟಿನ ಹತ್ತಿರ ಮಾತಾಡುತ್ತಾ ನಿಂತಿದ್ದಳು. ನಾನು ಕಿಟಕಿಯಿಂದ ನೋಡುತ್ತಿದ್ದೆ. ಎಡಗೈ ಎರಡು ಸಲ ಬಲಭುಜಕ್ಕೆ ಹೋಯಿತು. ಅಲ್ಲಿ ಎಳೆಯಲು ಏನೂ ಇರಲಿಲ್ಲ, ಹಾಗೇ ವಾಪಸ್ ಬಂತು.

ಹೋದ ವಾರ ನೆಂಟರ ಗೃಹಪ್ರವೇಶಕ್ಕೆ ಹೊಸ ಸೀರೆ ಬಂತು. ನಾನು ಹೊಲಿದು ಕೊಡುತ್ತೇನೆ ಅಂದೆ. ‘ನಿನ್ನ ಕಾಗದ, ಕೋರಾ ಬಟ್ಟೆ ಎಲ್ಲ ಮುಗಿಯೋ ಹೊತ್ತಿಗೆ ಅವರು ಇನ್ನೊಂದು ಮನೆ ಕಟ್ಟಿರ್ತಾರೆ’ ಅಂದಳು ಅಮ್ಮ. ಪೀಸನ್ನು ಕವರಿಗೆ ಹಾಕಿದಳು, ಲೈನಿಂಗ್ ಹಾಕಿದಳು, ಆಮೇಲೆ ಬೀರು ತೆಗೆದು ಆ ನೀಲಿ ಬ್ಲೌಸನ್ನು ಮಡಿಸಿ ಅದರ ಮೇಲೆ ಇಟ್ಟಳು. ಹಳೇ ಅಳತೆ ಬ್ಲೌಸು ಒರೆಸುವ ಬಟ್ಟೆ ಆಗಿತ್ತು. ನನಗೆ ಒಳಗೊಳಗೇ ಹೆಮ್ಮೆ ಆಯಿತು ಅಂತ ಒಪ್ಪಿಕೊಳ್ಳುತ್ತೇನೆ.

ನಾನೇ ತೆಗೆದುಕೊಂಡು ಹೋದೆ. ಟೈಲರು ಮೂವತ್ತು ವರ್ಷದಿಂದ ನಮ್ಮ ಮನೆಗೆ ಹೊಲಿಯುವವರು. ಬ್ಲೌಸನ್ನು ಒಳಮಗ್ಗಲು ಮಾಡಿ ಹೊಲಿಗೆಯ ಮೇಲೆ ಬೆರಳು ಓಡಿಸಿದರು, ನಡುವಿಗೆ ಸರಿಯಾಗಿ ಮಡಿಸಿ ಎರಡು ಭುಜ ಒಂದರ ಮೇಲೊಂದು ಇಟ್ಟು ನೋಡಿದರು.

‘ಇದ್ಯಾರಮ್ಮ ಹೊಲಿದಿದ್ದು? ಬಲಗಡೆ ಅರ್ಧ ಇಂಚು ಕಮ್ಮಿ ಬಿದ್ದಿದೆ. ಪರವಾಗಿಲ್ಲ ಬಿಡಿ, ನಾನು ಸರಿ ಮಾಡಿ ಕೊಡ್ತೀನಿ.’